ಅಣ್ಣಾವ್ರ ಹಾಡು, ಎರಡು ಗಂಟಲು

ಏಪ್ರಿಲ್ ಹತ್ತಿರ ಬಂತೆಂದರೆ ನನಗೆ ಬರುವ ಪತ್ರಗಳೆಲ್ಲ ಒಂದೇ ಕಡೆ ತಿರುಗುತ್ತವೆ. ಮೂವತ್ತು ವರ್ಷ ಆರ್ಕೆಸ್ಟ್ರಾದಲ್ಲಿ ಹಾಡಿ, ಈಗ ಗಂಟಲು ಕೈಕೊಟ್ಟು ಮನೆಯಲ್ಲಿ ಕೂತವನಿಗೆ ಇದಕ್ಕಿಂತ ಸುಖ ಇನ್ನೇನು! ಈ ಸಲ ಪೂರ್ತಿ ಅಣ್ಣಾವ್ರದ್ದೇ.

*ಏಪ್ರಿಲ್ 24ಕ್ಕೆ ನಮ್ಮ ಬೀದಿಯಲ್ಲಿ ರಾಜ್‌ಕುಮಾರ್ ಗೀತೆಗಳ ರಸಮಂಜರಿ ಇಟ್ಟುಕೊಂಡಿದ್ದೇವೆ. ಅವರು ಸ್ವತಃ ಹಾಡಿದ್ದು ಮಾತ್ರ ಇರಲಿ, ಪಿ.ಬಿ. ಶ್ರೀನಿವಾಸ್ ಹಾಡಿದ್ದು ಬೇಡ ಅಂತ ಅರ್ಧ ಜನ ಹಟ ಹಿಡಿದಿದ್ದಾರೆ. ಮಾತು ಬೆಳೆದು ಇಬ್ಬರು ಚಂದಾ ವಾಪಸ್ ಕೇಳಿದ್ದಾರೆ. ಏನು ಮಾಡೋಣ?*
— ತಿಪಟೂರಿನಿಂದ ಒಬ್ಬ ಓದುಗರು

ಚಂದಾ ವಾಪಸ್ ಕೊಡಬೇಡಿ. ಆ ಇಬ್ಬರನ್ನೂ ಕೂರಿಸಿ ‘ಕಸ್ತೂರಿ ನಿವಾಸ’ದ ‘ಆಡಿಸಿ ನೋಡು’ ಹಾಕಿ, ಕಣ್ಣು ಮುಚ್ಚಿ ಕೇಳಲಿ. ಯಾರ ಮುಖ ಕಾಣುತ್ತೆ ಅಂತ ಆಮೇಲೆ ಕೇಳಿ. ಹಾಡಿದವರು ಪಿ.ಬಿ.ಎಸ್., ಕಾಣುವವರು ಅಣ್ಣಾವ್ರು. ಆ ಗಂಟಲನ್ನು ಈ ಮುಖದಿಂದ ಬಿಡಿಸಿ ತೋರಿಸುವವರನ್ನು ನಾನಿನ್ನೂ ನೋಡಿಲ್ಲ.

ಪಿ.ಬಿ.ಎಸ್. ಕಾಕಿನಾಡದಲ್ಲಿ ಹುಟ್ಟಿದ ತೆಲುಗು ಮನೆಮಾತಿನ ಮನುಷ್ಯ. ತಲೆ ಮೇಲೆ ಜರಿ ಟೋಪಿ, ಜೇಬಿನ ತುಂಬ ಬಣ್ಣ ಬಣ್ಣದ ಪೆನ್ನು. 1960ರ ‘ಭಕ್ತ ಕನಕದಾಸ’ದಲ್ಲಿ ‘ಬಾಗಿಲನು ತೆರೆದು’ ಹಾಡಿದ ಮೇಲೆ ಒಂದೂವರೆ ದಶಕ ರಾಜ್‌ಕುಮಾರ್ ಹಾಡೆಂದರೆ ಹೆಚ್ಚುಕಡಿಮೆ ಇವರದೇ ದನಿ. ಅಣ್ಣಾವ್ರು ಅದಕ್ಕೂ ಮೊದಲೇ, 1959ರ ‘ಮಹಿಷಾಸುರ ಮರ್ದಿನಿ’ಯಲ್ಲಿ ಜಾನಕಿಯಮ್ಮನ ಜೊತೆ ಒಂದು ಯುಗಳಗೀತೆ ಹಾಡಿದ್ದರು, ಆದರೆ ಅದು ಅಲ್ಲಿಗೇ ನಿಂತಿತ್ತು. 1974ರಲ್ಲಿ ‘ಸಂಪತ್ತಿಗೆ ಸವಾಲ್’ ಚಿತ್ರದ ಎಮ್ಮೆ ಹಾಡು ‘ಯಾರೇ ಕೂಗಾಡಲಿ’ಗೆ ಪಿ.ಬಿ.ಎಸ್. ಬರಲಾಗಲಿಲ್ಲ, ಸಂಗೀತ ನಿರ್ದೇಶಕ ಜಿ.ಕೆ. ವೆಂಕಟೇಶ್ ಅಣ್ಣಾವ್ರ ಕೈಲೇ ಹಾಡಿಸಿಬಿಟ್ಟರು ಅನ್ನೋದು ನಮ್ಮ ಆರ್ಕೆಸ್ಟ್ರಾ ಬಳಗದಲ್ಲಿ ಎಲ್ಲರ ಬಾಯಲ್ಲೂ ಇರುವ ಕಥೆ. ಗುಬ್ಬಿ ನಾಟಕ ಕಂಪನಿಯಲ್ಲಿ ಮೈಕಿಲ್ಲದೆ ಕೊನೇ ಸಾಲಿಗೆ ಕೇಳಿಸಿದ ಗಂಟಲು, ಮೈಕ್ ಸಿಕ್ಕರೆ ಬಿಡುತ್ತದೆಯೇ?

ಹಾಗಂತ 1974ಕ್ಕೆ ಗೆರೆ ಎಳೆಯಬೇಡಿ. ಮರುವರ್ಷದ ‘ಮಯೂರ’ದಲ್ಲಿ ‘ನಾನಿರುವುದೆ ನಿಮಗಾಗಿ’ ಹಾಡಿದ್ದು ಮತ್ತೆ ಪಿ.ಬಿ.ಎಸ್. ಇವತ್ತಿಗೂ ಅಭಿಮಾನಿಗಳು ಅಣ್ಣಾವ್ರ ಫೋಟೊ ಕೆಳಗೆ ಬರೆಸುವ ಸಾಲು ಅದೇ! ನಿಮ್ಮ ಬೀದಿಯ ಬ್ಯಾನರಿನಲ್ಲೂ ಅದೇ ಇದ್ದರೆ ಜಗಳ ಅಲ್ಲಿಗೇ ಮುಗಿಯಿತು.

ನನ್ನನ್ನು ಕೇಳಿದರೆ ‘ಬಾಗಿಲನು ತೆರೆದು’ ಇಂದ ಶುರು ಮಾಡಿ, ‘ಹುಟ್ಟಿದರೆ ಕನ್ನಡ ನಾಡಲ್ ಹುಟ್ಟಬೇಕು’ ಕೊನೆಗಿಡಿ. ಅದನ್ನು ಹೇಗೂ ಜನವೇ ಹಾಡುತ್ತಾರೆ, ನಿಮ್ಮ ಗಾಯಕ ನೀರು ಕುಡಿಯಬಹುದು.

*ನನ್ನ ದನಿ ಅಣ್ಣಾವ್ರ ಹಾಗಿಲ್ಲ, ತೆಳು. ಅವರಂತೆ ಮೂಗಿನಲ್ಲಿ ತಂದು ಹಾಡುವುದನ್ನು ಅಭ್ಯಾಸ ಮಾಡುತ್ತಿದ್ದೇನೆ. ಸರಿಯೇ?*
— ನಂಜನಗೂಡಿನ ಯುವ ಗಾಯಕ

ಬೇಡ ಮಗೂ. ಮಿಮಿಕ್ರಿಗೆ ಒಂದು ಚಪ್ಪಾಳೆ ಬೀಳುತ್ತೆ, ಎರಡನೇ ಹಾಡಿಗೆ ಜನ ಕಡಲೆಕಾಯಿ ಕೊಳ್ಳೋಕೆ ಏಳುತ್ತಾರೆ. ಅಣ್ಣಾವ್ರಿಂದ ಕದಿಯಬೇಕಾದ್ದು ದನಿಯನ್ನಲ್ಲ, ಉಚ್ಚಾರಣೆಯನ್ನ. ಅಲ್ಪಪ್ರಾಣ ಮಹಾಪ್ರಾಣ, ಳ ಮತ್ತು ಲ, ಒಂದಕ್ಷರ ನುಂಗಿದ್ದು ತೋರಿಸು ನೋಡೋಣ. ಹಾಡನ್ನು ಮೊದಲು ರಾಗವಿಲ್ಲದೆ, ನಾಟಕದ ಮಾತಿನ ಹಾಗೆ ಜೋರಾಗಿ ಓದು. ಆಮೇಲೆ ನಿನಗೆ ಹೊಂದುವ ಶ್ರುತಿ ಹಿಡಿ. ಹಾರ್ಮೋನಿಯಂನ ಕಪ್ಪು ಒಂದರ ಶ್ರುತಿಯಲ್ಲಿ ಸುಖವಾಗಿ ಹಾಡುವವನು, ರೆಕಾರ್ಡಾದ ಹಿನ್ನೆಲೆ ಟ್ರ್ಯಾಕ್ ಇರೋದೇ ಹಾಗೆ ಅಂತ ಅದಕ್ಕಿಂತ ಮೇಲಿನ ಬಿಳಿ ಮೂರರಲ್ಲಿ ಯಾಕೆ ಒದ್ದಾಡಬೇಕು? ಹಾರ್ಮೋನಿಯಂ, ತಬಲಾ ಸಿಕ್ಕರೆ ಟ್ರ್ಯಾಕ್ ಬಿಟ್ಟೇಬಿಡು.

*‘ನಾದಮಯ’ ಹಾಡಲೇಬೇಕು ಅಂತ ಒತ್ತಾಯವಿದೆ. ಧೈರ್ಯ ಮಾಡಲೇ?*
— ಹಾಸನದ ಶಿಕ್ಷಕಿ

‘ನಾದಮಯ’ ಇರುವ ‘ಜೀವನ ಚೈತ್ರ’ 1992ರದು. ಅಣ್ಣಾವ್ರಿಗೆ ಆಗ ಅರವತ್ತಮೂರು. ಸಂಗೀತ ನಿರ್ದೇಶಕ ಉಪೇಂದ್ರ ಕುಮಾರ್ ತೋಡಿ ರಾಗವನ್ನು ಮುಂದಿಟ್ಟರು, ಇವರು ಹಾಡಿ ರಾಷ್ಟ್ರಪ್ರಶಸ್ತಿ ತಂದರು. ನಟನೆಗೆ ಬಾರದ ಪ್ರಶಸ್ತಿ ಹಾಡಿಗೆ ಬಂತು. ನಾನೂ ಒಮ್ಮೆ ಧೈರ್ಯ ಮಾಡಿದ್ದೆ. ಗಣಪತಿ ಪೆಂಡಾಲು, ರಾತ್ರಿ ಹನ್ನೊಂದೂವರೆ, ಅದಕ್ಕೆ ಮುಂಚೆ ಹದಿನೇಳು ಹಾಡು ಹಾಡಿ ಮುಗಿಸಿದ್ದೆ. ತೋಡಿಯ ಗಾಂಧಾರ ಸ್ವರ ಅಲುಗಾಡಿಸದೆ ನಿಲ್ಲುವುದಿಲ್ಲ, ಅಲುಗಾಡಿಸಿದರೆ ನಾನೇ ನಿಲ್ಲುತ್ತಿರಲಿಲ್ಲ. ಎರಡನೇ ಚರಣಕ್ಕೆ ಗಂಟಲು ಕಟ್ಟಿತು. ಮುಂದಿನ ಸಾಲಿನಲ್ಲಿ ಕೂತಿದ್ದ ಮುದುಕರೊಬ್ಬರು ಎದ್ದುನಿಂತು, ಬೈಯುತ್ತಾರೆ ಅಂದುಕೊಂಡೆ, ತಾವೇ ಉಳಿದ ಸಾಲು ಎತ್ತಿಕೊಂಡರು. ಶ್ರುತಿ ಎಲ್ಲೋ, ಅವರೆಲ್ಲೋ. ಪೆಂಡಾಲು ಪೂರ್ತಿ ಅವರ ಹಿಂದೆ ಹೋಯಿತು. ನನ್ನ ಸಂಭಾವನೆಯಲ್ಲಿ ಮಾತ್ರ ಇನ್ನೂರು ಕಡಿತವಾಯಿತು, ಅದು ಬೇರೆ ಮಾತು.

ಹಾಡಿ ಮೇಡಂ. ಆದರೆ ಮೊದಲ ಮೂರು ಹಾಡಿನೊಳಗೆ ಮುಗಿಸಿಕೊಳ್ಳಿ.

*ನಾವು ಇಲ್ಲಿ ರಜೆ ನೋಡಿಕೊಂಡು ಏಪ್ರಿಲ್ 12ಕ್ಕೇ ಕಾರ್ಯಕ್ರಮ ಮಾಡಬೇಕಾಗಿದೆ. ಅವರು ತೀರಿಕೊಂಡ ದಿನ ಕುಣಿಯುವ ಹಾಡು ಸರಿಯೇ?*
— ದುಬೈ ಕನ್ನಡಿಗರು

2006ರ ಆ ಬುಧವಾರವನ್ನು ಬೆಂಗಳೂರಿನಲ್ಲಿದ್ದವರು ಮರೆತಿಲ್ಲ. 12ಕ್ಕೂ ಹುಟ್ಟುಹಬ್ಬಕ್ಕೂ ನಡುವೆ ಹನ್ನೆರಡೇ ದಿನ. 14ಕ್ಕೆ ಪಿ.ಬಿ.ಎಸ್. ಹೋದ ದಿನವೂ ಬರುತ್ತೆ, 2013ರಲ್ಲಿ. ನನ್ನ ಲೆಕ್ಕದಲ್ಲಿ 12ಕ್ಕೆ ‘ವಾರ ಬಂತಮ್ಮ ಗುರುವಾರ ಬಂತಮ್ಮ’ದಂಥ ಭಕ್ತಿಗೀತೆ ಸಾಕು. ಅವರ ಕಣ್ಣುಗಳು ದಾನವಾಗಿದ್ದವು. ನೀವೂ ಬಾಗಿಲ ಬಳಿ ಒಂದು ಮೇಜು ಹಾಕಿ ನೇತ್ರದಾನಕ್ಕೆ ಹೆಸರು ಬರೆಸಿಕೊಳ್ಳಿ. ಕುಣಿತಕ್ಕೆ ಇನ್ನೊಂದು ರಜೆ ಸಿಗದೆ ಹೋಗುತ್ತದೆಯೇ?

*‘ಯಾರೇ ಕೂಗಾಡಲಿ’ ಹಾಡುವಾಗ ವೇದಿಕೆಗೆ ನಿಜವಾದ ಎಮ್ಮೆ ತಂದರೆ ಹೇಗೆ?*
— ಮದ್ದೂರಿನ ಅಭಿಮಾನಿ ಬಳಗ

ನಮ್ಮವರೂ ತಂದಿದ್ದರು. ಕೊಂಬಿಗೆ ಬಣ್ಣ, ಕೊರಳಿಗೆ ಹಾರ, ಪಾಪ ಸುಮ್ಮನೇ ನಿಂತಿತ್ತು. ಕಾಂಗೋ ಡ್ರಮ್ ಶುರುವಾಯಿತು ನೋಡಿ, ಕೀಬೋರ್ಡ್ ಸ್ಟ್ಯಾಂಡ್ ಸಮೇತ ಕೆರೆ ಕಡೆ ಹೊರಟಿತು. ಹಾಡಿನಲ್ಲಿ ಹೇಳಿದ ನೆಮ್ಮದಿ ಅದಕ್ಕೆ ಸಿಕ್ಕಿದ್ದು ಕೆರೆಗಿಳಿದ ಮೇಲೆಯೇ. ರಟ್ಟಿನಲ್ಲಿ ಮಾಡಿಸಿ.