ಬೀರುವಿನಲ್ಲಿ ಬೀಗ ಹಾಕಿಟ್ಟ ಫೋನು

ಮೂಡಿಗೆರೆ ತಾಲ್ಲೂಕಿನ ತಾಯಿಯೊಬ್ಬರ ಪತ್ರ: "ಮಗಳು ಒಂಬತ್ತನೇ ಕ್ಲಾಸು, ಹದಿನಾಲ್ಕು ವರ್ಷ. ಬೇಸಿಗೆ ರಜೆಯಲ್ಲಿ ಬೆಂಗಳೂರಿನ ಚಿಕ್ಕಮ್ಮನ ಮನೆಗೆ ಹೋದಾಗ ಅಲ್ಲಿಯ ಅಕ್ಕ ಇವಳಿಗೆ ಇನ್‌ಸ್ಟಾಗ್ರಾಂ ಖಾತೆ ಮಾಡಿಕೊಟ್ಟಿದ್ದಾಳೆ. ಹುಟ್ಟಿದ ವರ್ಷ 2003 ಅಂತ ಹಾಕಿದ್ದಾರೆ. ಈಗ 412 ಜನ ಫಾಲೋವರ್‌ಗಳು. ವಿಷಯ ಗೊತ್ತಾಗಿ ನಮ್ಮ ಮನೆಯವರು ಫೋನು ಕಸಿದು ಬೀರುವಿನಲ್ಲಿಟ್ಟು ಬೀಗ ಹಾಕಿದರು. ಹತ್ತು ದಿನವಾಯಿತು, ಮಗಳಿಗೆ ಊಟ ಸೇರುತ್ತಿಲ್ಲ, ಮಾತಿಲ್ಲ. ಅವರು ಮಾಡಿದ್ದು ಸರಿಯೇ? ಇಲ್ಲ, ಫೋನು ಕೊಟ್ಟು ಅವಳಿಗೆ ತಿಳಿಯದ ಹಾಗೆ ನಾನೇ ಎಲ್ಲ ನೋಡುತ್ತಿರಲೇ?"

ಸಂಪಾದಕರ ಉತ್ತರ:

ನಿಮ್ಮ ಮನೆಯವರ ಭಯ ಸುಳ್ಳಲ್ಲ. ಮಲಗುವ ಕೋಣೆಯಲ್ಲಿ ರಾತ್ರಿ ಹನ್ನೊಂದಕ್ಕೂ ಫೋನು ಹಿಡಿದು ಕೂತ ಮಗುವನ್ನು ಕಂಡ ತಂದೆ ಸುಮ್ಮನಿರಬೇಕೆಂದು ನಾನು ಹೇಳುವುದಿಲ್ಲ. ಆದರೆ ಬೀಗ ಬಿದ್ದದ್ದು ಎಲ್ಲಿಗೆ ಎಂದು ನೋಡಿ. ಬೀರುವಿನಲ್ಲಿರುವುದು ಫೋನು, ಖಾತೆಯಲ್ಲ. ಖಾತೆ ಹಾಗೇ ತೆರೆದಿದೆ. ಅದರಲ್ಲಿರುವ ಫೋಟೋಗಳನ್ನು ಈ ಕ್ಷಣವೂ ಯಾರು ಬೇಕಾದರೂ ನೋಡಬಹುದು, ಮೆಸೇಜುಗಳು ಬಂದು ಬೀಳುತ್ತಿವೆ. ಪಾಸ್‌ವರ್ಡ್ ನೆನಪಿದ್ದರೆ ಗೆಳತಿಯ ಫೋನಿನಲ್ಲಿ ಎರಡು ನಿಮಿಷಕ್ಕೆ ತೆರೆಯಬಹುದು. ಬಾಗಿಲು ಹಾಕಿದರೆ ಕಿಟಕಿ ಹುಡುಕುವುದು ಈ ಲೋಕದ ಸ್ವಭಾವ. 2020ರ ಜೂನ್ 29ರಂದು ಕೇಂದ್ರ ಸರ್ಕಾರ ಟಿಕ್‌ಟಾಕ್ ನಿಷೇಧಿಸಿತು. ಹತ್ತು ದಿನದೊಳಗೆ ಇನ್‌ಸ್ಟಾಗ್ರಾಂ ನಮ್ಮ ದೇಶದಲ್ಲಿ ರೀಲ್ಸ್ ಶುರುಮಾಡಿತು. ಮಕ್ಕಳು ಅಲ್ಲಿಂದ ಎದ್ದು ಇಲ್ಲಿ ಬಂದು ಕೂತರು.

ಹಾಗಾದರೆ ಕದ್ದು ನೋಡುವುದೇ? ಅದು ಇನ್ನೂ ಕೆಟ್ಟ ದಾರಿ, ತಾಯಿ. ಒಂದು ದಿನ ಸಿಕ್ಕಿಬೀಳುತ್ತೀರಿ. ಆಮೇಲೆ ಅವಳು ಎರಡನೇ ಖಾತೆ ಮಾಡಿಕೊಳ್ಳುತ್ತಾಳೆ, ಅದರ ಹೆಸರೂ ನಿಮಗೆ ಗೊತ್ತಿರುವುದಿಲ್ಲ. ಪಕ್ಕದಲ್ಲಿ ಕೂತು, ಹೇಳಿಯೇ ನೋಡಿ.

ಮೊದಲು ತಿದ್ದಬೇಕಾದ್ದು ಆ 2003. ಎಲ್ಲ ತೊಂದರೆಯ ಬೇರು ಅಲ್ಲೇ ಇದೆ. ಇನ್‌ಸ್ಟಾಗ್ರಾಂಗೆ ಕನಿಷ್ಠ ವಯಸ್ಸು 13. ನಿಮ್ಮ ಮಗಳಿಗೆ 14 ಆಗಿರುವುದರಿಂದ ನಿಜ ಹೇಳಿಯೇ ಖಾತೆ ತೆರೆಯಬಹುದಿತ್ತು. 2025ರ ಫೆಬ್ರುವರಿಯಿಂದ ಭಾರತದಲ್ಲಿ 18 ತುಂಬದವರ ಖಾತೆಯನ್ನು ಕಂಪನಿ ತಾನಾಗಿ 'ಟೀನ್ ಅಕೌಂಟ್' ಮಾಡುತ್ತದೆ. ಖಾತೆ ಪ್ರೈವೇಟ್ ಆಗುತ್ತದೆ, ಅಪರಿಚಿತರು ಮೆಸೇಜು ಕಳಿಸಲಾಗುವುದಿಲ್ಲ, ದಿನಕ್ಕೆ 60 ನಿಮಿಷವಾದ ಮೇಲೆ ಎಚ್ಚರಿಕೆ ಬರುತ್ತದೆ, ರಾತ್ರಿ 10ರಿಂದ ಬೆಳಿಗ್ಗೆ 7ರವರೆಗೆ ಸದ್ದು ನಿಲ್ಲುತ್ತದೆ. 16 ತುಂಬುವವರೆಗೆ ಇವನ್ನು ಸಡಿಲಿಸಲು ತಂದೆ ತಾಯಿಯ ಒಪ್ಪಿಗೆ ಬೇಕು. 2003 ಎಂದು ಬರೆದ ಕೂಡಲೇ ಇವಿಷ್ಟೂ ಕಾವಲು ಹೋಯಿತು. ಕಂಪನಿಯ ಲೆಕ್ಕದಲ್ಲಿ ನಿಮ್ಮ ಮಗಳು ಇಪ್ಪತ್ತು ದಾಟಿದ ಹೆಂಗಸು. ವಯಸ್ಕರಿಗೆ ತೋರಿಸುವುದನ್ನೇ ಅವಳಿಗೂ ತೋರಿಸುತ್ತದೆ. ಸುಳ್ಳು ಬರೆದುಕೊಟ್ಟಿದ್ದು ಮನೆಯ ದೊಡ್ಡವರು, ಶಿಕ್ಷೆ ಬಿದ್ದದ್ದು ಮಗುವಿಗೆ.

ತಿದ್ದುವುದು ಕಷ್ಟವಿಲ್ಲ. ಪ್ರೊಫೈಲಿನ ಮೂಲೆಯ ಮೂರು ಗೆರೆ ಒತ್ತಿ, ಅಕೌಂಟ್ಸ್ ಸೆಂಟರ್, ಅದರೊಳಗೆ ಪರ್ಸನಲ್ ಡೀಟೇಲ್ಸ್, ಅಲ್ಲಿ ಹುಟ್ಟಿದ ದಿನಾಂಕ. ಆಮೇಲೆ ನೀವೂ ಒಂದು ಖಾತೆ ತೆರೆದು, ಇನ್‌ಸ್ಟಾಗ್ರಾಂನ ಫ್ಯಾಮಿಲಿ ಸೆಂಟರ್‌ನಿಂದ ಅವಳಿಗೆ ಸೂಪರ್‌ವಿಷನ್ (ಮೇಲ್ವಿಚಾರಣೆ) ಆಹ್ವಾನ ಕಳಿಸಿ. ಅವಳು ಒಪ್ಪಿದರೆ ಮಾತ್ರ ಜೋಡಣೆಯಾಗುತ್ತದೆ, ಅದಕ್ಕೇ ಮೊದಲು ಮಾತಾಡಿ ಎಂದಿದ್ದು. ಕಳೆದ 7 ದಿನದಲ್ಲಿ ಅವಳು ಯಾರಿಗೆ ಮೆಸೇಜು ಮಾಡಿದಳು ಎಂಬುದು ನಿಮಗೆ ಕಾಣುತ್ತದೆ, ಏನು ಬರೆದಳು ಎಂಬುದು ಕಾಣುವುದಿಲ್ಲ. ಹದಿನಾಲ್ಕರ ಹುಡುಗಿಗೆ ಅಷ್ಟು ಮರ್ಯಾದೆ ಸಲ್ಲಬೇಕು. ವಾಟ್ಸ್ಆ್ಯಪ್‌ನಲ್ಲಿ ಪ್ರೈವಸಿ ಒಳಗೆ ಗ್ರೂಪ್ಸ್ ಎಂಬಲ್ಲಿ 'ಮೈ ಕಾಂಟ್ಯಾಕ್ಟ್ಸ್' ಆರಿಸಿ, ಇಲ್ಲದಿದ್ದರೆ ಯಾರ್ಯಾರೋ ಯಾವ್ಯಾವುದೋ ಗ್ರೂಪಿಗೆ ಸೇರಿಸುತ್ತಾರೆ. ಡಿಪಿಯೂ ಕಾಂಟ್ಯಾಕ್ಟ್‌ನವರಿಗಷ್ಟೇ ಕಾಣಲಿ. ಟೂ ಸ್ಟೆಪ್ ವೆರಿಫಿಕೇಶನ್‌ಗೆ 6 ಅಂಕಿಯ ಪಿನ್ ಹಾಕಿ.

ನಮ್ಮ ಕಡೆ ಇನ್ನೊಂದು ಪರಿಸ್ಥಿತಿಯಿದೆ. ಕಾಫಿ ಕುಯ್ಲಿನ ಮೂರು ತಿಂಗಳು ಅಮ್ಮ ತೋಟದಲ್ಲಿ, ಫೋನು ಮಗುವಿನ ಕೈಯಲ್ಲಿ. ಅದು ಅಮ್ಮನ ಫೋನು, ಅಮ್ಮನ ಗೂಗಲ್ ಖಾತೆ. ಮಕ್ಕಳ ಫೋನಿನ ಮೇಲೆ ಪೋಷಕರು ಕಣ್ಣಿಡಲು ಗೂಗಲ್ ಕೊಡುವ ಫ್ಯಾಮಿಲಿ ಲಿಂಕ್ ಆ್ಯಪ್ ಇಂಥ ಕಡೆ ಉಪಯೋಗಕ್ಕೆ ಬಾರದು, ಅದು ಮಗುವಿನದೇ ಖಾತೆಯಿದ್ದ ಫೋನಿಗೆ. ಅಮ್ಮನ ಫೋನಾದರೆ ಸೆಕ್ಯುರಿಟಿ ಸೆಟ್ಟಿಂಗ್ಸ್‌ನಲ್ಲಿ 'ಆ್ಯಪ್ ಪಿನ್ನಿಂಗ್' ಹುಡುಕಿ. ಹೋಂವರ್ಕಿನ ಆ್ಯಪ್ ಒಂದನ್ನೇ ಪಿನ್ ಮಾಡಿಕೊಟ್ಟು, ಹೊರಬರಲು ನಿಮ್ಮ ಲಾಕ್ ಕೇಳುವಂತೆ ಇಡಿ. ಯುಪಿಐ ಪಿನ್ ಮಗುವಿಗೆ ಹೇಳಬೇಡಿ, ಅಂಗಡಿಯಲ್ಲಿ ಅವಸರವಿದ್ದರೂ ಹೇಳಬೇಡಿ.

ಮಗಳ ಒಂದು ರೀಲನ್ನು ಅವಳ ಜೊತೆಗೇ ಕೂತು, ಗುರುತಿಲ್ಲದವರ ಕಣ್ಣಿನಿಂದ ನೋಡಿ. ಸಮವಸ್ತ್ರದ ಜೇಬಿನ ಮೇಲೆ ಶಾಲೆಯ ಲಾಂಛನ. ಹಿಂದೆ ನಿಂತ ಬಸ್ಸಿನ ಬೋರ್ಡಿನಲ್ಲಿ ಊರು. ಬೆಳಕು ನೋಡಿದರೆ ಸಂಜೆ ನಾಲ್ಕೂವರೆ. ಕಾಮೆಂಟಿನಲ್ಲಿ ಗೆಳತಿ ಕರೆದ ಮನೆಯ ಹೆಸರು. ಹದಿನೈದು ಸೆಕೆಂಡಿನ ಕುಣಿತದಲ್ಲಿ ಅವಳು ಎಲ್ಲಿ ಓದುತ್ತಾಳೆ, ಎಷ್ಟು ಹೊತ್ತಿಗೆ ಯಾವ ಬಸ್ಸು ಹತ್ತುತ್ತಾಳೆ ಎಲ್ಲ ಸಿಕ್ಕಿತು. ಇದನ್ನು ಬೈದು ಹೇಳಿದರೆ ತಲೆಗೆ ಹೋಗುವುದಿಲ್ಲ. "ಇದರಲ್ಲಿ ಏನೇನು ಗೊತ್ತಾಗುತ್ತೆ, ನೀನೇ ಹುಡುಕು ನೋಡೋಣ" ಎನ್ನಿ, ಅವಳೇ ಎಣಿಸುತ್ತಾಳೆ.

ಇನ್ನು ಹೇಳಲೇಬೇಕಾದ ಕೆಟ್ಟ ಮಾತು. ಬ್ಲ್ಯಾಕ್‌ಮೇಲ್ ಮಾಡುವವರ ದಾರಿ ಹೆಚ್ಚುಕಡಿಮೆ ಒಂದೇ. ಚಂದದ ಫೋಟೋ ಇರುವ ಖಾತೆಯಿಂದ 'ಹಾಯ್' ಬರುತ್ತದೆ. ಗೆಳತಿಯರಲ್ಲಿ ಮೂರ್ನಾಲ್ಕು ಜನ ಆಗಲೇ ಫಾಲೋ ಮಾಡಿರುವುದರಿಂದ ನಂಬಿಕೆ ಹುಟ್ಟುತ್ತದೆ. ಆಮೇಲೆ ವಾಟ್ಸ್ಆ್ಯಪ್‌ಗೋ ಟೆಲಿಗ್ರಾಂಗೋ ಕರೆಯುತ್ತಾರೆ, ಒಂದು ಫೋಟೋ, ಒಂದು ವಿಡಿಯೊ ಕಾಲ್, ಅದರ ರೆಕಾರ್ಡಿಂಗ್. ನಂತರ ದುಡ್ಡು, ಇಲ್ಲವೇ ಇನ್ನಷ್ಟು ಫೋಟೋ. ಅವರ ಬಂಡವಾಳವೆಲ್ಲ ಒಂದೇ: ಈ ಮಗು ಮನೆಯಲ್ಲಿ ಹೇಳುವುದಿಲ್ಲ ಎಂಬ ಧೈರ್ಯ. ಹೇಳಿದರೆ ಫೋನು ಬೀರುವಿಗೆ ಹೋಗುತ್ತದೆ ಎಂದು ಮಗುವಿಗೆ ಮೊದಲೇ ಗೊತ್ತಿದ್ದರೆ ಆ ಧೈರ್ಯ ಇಮ್ಮಡಿಯಾಗುತ್ತದೆ. ನನಗೆ ನಿಮ್ಮ ಮನೆಯ ಬೀಗದ ಮೇಲೆ ಸಿಟ್ಟಿರುವುದು ಈ ಕಾರಣಕ್ಕೆ.

ಹಾಗೇನಾದರೂ ಆದರೆ ನಾಚಿಕೆಯಿಂದ ಚಾಟ್ ಅಳಿಸಬೇಡಿ, ಸಾಕ್ಷಿ ಹೋಗುತ್ತದೆ. ಖಾತೆಯ ಹೆಸರು, ನಂಬರು, ಯುಪಿಐ ಐಡಿ, ದಿನ ಮತ್ತು ಹೊತ್ತು ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದುಕೊಂಡು ಆಮೇಲೆ ರಿಪೋರ್ಟ್, ಆಮೇಲೆ ಬ್ಲಾಕ್. ದುಡ್ಡು ಕೊಡಬೇಡಿ, ಒಮ್ಮೆ ಕೊಟ್ಟರೆ ಮತ್ತೆ ಕೇಳುತ್ತಾರೆ. ಕೊಟ್ಟಾಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನು ಮಾಡಿ. ಮಕ್ಕಳ ಅಶ್ಲೀಲ ಚಿತ್ರದ ದೂರನ್ನು ಕೇಂದ್ರದ ಸೈಬರ್ ಅಪರಾಧ ಪೋರ್ಟಲಿನಲ್ಲಿ ಹೆಸರು ಹೇಳದೆಯೂ ಕೊಡಬಹುದು. ಚಿಕ್ಕಮಗಳೂರು, ಹಾಸನ ಎರಡೂ ಕಡೆ ಸೈಬರ್ ಅಪರಾಧ ನೋಡಿಕೊಳ್ಳುವ ಸೆನ್ ಪೊಲೀಸ್ ಠಾಣೆಗಳಿವೆ. ಚಿತ್ರವನ್ನು 'ನೋಡಿ ಹೀಗಾಗಿದೆ' ಎಂದು ಭಾವ ಮೈದುನರಿಗೆ ಫಾರ್ವರ್ಡ್ ಮಾಡಬೇಡಿ. ಅಪ್ರಾಪ್ತರ ಅಂಥ ಚಿತ್ರ ರವಾನಿಸುವುದು ಐಟಿ ಕಾಯ್ದೆಯ 67ಬಿ ಕಲಮಿನಡಿ ಅಪರಾಧ. 'ಟೇಕ್ ಇಟ್ ಡೌನ್' ಎಂಬ ಉಚಿತ ಸೇವೆಯಿದೆ. ಚಿತ್ರ ಫೋನಿನಿಂದ ಹೊರಹೋಗುವುದಿಲ್ಲ, ಅದರ ಬೆರಳಚ್ಚಿನಂಥ ಸಂಖ್ಯೆಯೊಂದು ಮಾತ್ರ ಹೋಗುತ್ತದೆ. ಇನ್‌ಸ್ಟಾಗ್ರಾಂ, ಫೇಸ್‌ಬುಕ್‌ನಂಥವರು ಅದನ್ನಿಟ್ಟುಕೊಂಡು ಚಿತ್ರ ಹುಡುಕಿ ತೆಗೆಯುತ್ತಾರೆ. ಮಗು ಕುಸಿದಿದ್ದರೆ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416, ಮಕ್ಕಳ ಸಹಾಯವಾಣಿ 1098.

ಇಷ್ಟು ಹೇಳುವಾಗ ಮನಸ್ಸಿಗೆ ಚುಚ್ಚುವುದು ಬೇರೆಯೇ. ಲಾಕ್‌ಡೌನಿನಲ್ಲಿ ಮಲೆನಾಡಿನ ಮಕ್ಕಳನ್ನು ನೆಟ್‌ವರ್ಕಿಗಾಗಿ ಗುಡ್ಡ ಹತ್ತಿಸಿದವರು ನಾವು. ಪಾಠವೂ ಫೋನಿನಲ್ಲೇ, ಹೋಂವರ್ಕೂ ವಾಟ್ಸ್ಆ್ಯಪ್ ಗ್ರೂಪಿನಲ್ಲೇ. ಈಗ ಅದೇ ಮಕ್ಕಳಿಗೆ ಫೋನು ಮುಟ್ಟಬೇಡಿ ಎಂಬ ಉಪದೇಶ. ಪೋಷಕರ ಸಭೆಯಲ್ಲಿ ಅಂಕದ ಮಾತು ಮುಗಿದ ಮೇಲೆ ಅರ್ಧ ಗಂಟೆ ಈ ಸೆಟ್ಟಿಂಗ್ಸ್ ತೋರಿಸಿದರೆ ಶಾಲೆಗೆ ಏನು ನಷ್ಟ? ಮಗುವಿನ ಹುಟ್ಟುಹಬ್ಬಕ್ಕೆ ಸಮವಸ್ತ್ರದ ಫೋಟೋ ಸ್ಟೇಟಸ್ ಹಾಕುವ ದೊಡ್ಡವರಿಗೆ ಯಾರು ಹೇಳಬೇಕು? 2023ರ ದತ್ತಾಂಶ ರಕ್ಷಣೆ ಕಾಯ್ದೆ 18 ತುಂಬದವರನ್ನೆಲ್ಲ ಮಕ್ಕಳೆಂದು ಎಣಿಸಿ, ಪೋಷಕರ ಒಪ್ಪಿಗೆ ಬೇಕೆನ್ನುತ್ತದೆ. ಆಸ್ಟ್ರೇಲಿಯಾ 2025ರ ಡಿಸೆಂಬರ್ 10ರಿಂದ 16 ತುಂಬದವರಿಗೆ ಖಾತೆಯೇ ಬೇಡವೆಂದಿದೆ. ಕಾನೂನು ಬರಲಿ. ಆದರೆ 2003 ಎಂದು ಟೈಪ್ ಮಾಡುವ ಬೆರಳು ಮನೆಯೊಳಗೇ ಇದೆ.

ಈ ಭಾನುವಾರ ಬೀರು ತೆಗೆಯಿರಿ. ಮನೆಯವರೂ ಜೊತೆಗಿರಲಿ. ರಾತ್ರಿ ಫೋನು ಚಾರ್ಜಿಗೆ ಹಾಕುವ ಜಾಗ ಹಜಾರದಲ್ಲಿರಲಿ, ಮಗಳದಷ್ಟೇ ಅಲ್ಲ, ನಿಮ್ಮಿಬ್ಬರದೂ. ದಿನಾಂಕ ತಿದ್ದಿದ ಮೇಲೆ ಆ 412 ಹೆಸರುಗಳನ್ನು ಮೂವರೂ ಸೇರಿ ನೋಡಿ. ಮುಖ ಕಂಡು ಗೊತ್ತಿಲ್ಲದವರ ಹೆಸರಿನೆದುರು 'ರಿಮೂವ್' ಒತ್ತಿದರೆ ಸಾಕು. ತೆಗೆದದ್ದು ಅವರಿಗೆ ತಿಳಿಯುವುದಿಲ್ಲ ಎಂದು ಮಗಳಿಗೆ ಮೊದಲೇ ಹೇಳಿಬಿಡಿ, ಅವಳು ಹಿಂಜರಿಯುವುದು ಅದಕ್ಕೇ.