ಏಪ್ರಿಲ್‌ನಲ್ಲಿ ಮನಾಲಿ ಕಡೆ ಒಳ್ಳೆ ಬಿಸಿಲಿರುತ್ತದೆ, ಹಿಮಕುಸಿತದ ಭಯ ಇರಲ್ಲ ಅಲ್ವಾ? ಗೈಡ್ ಬೇಕಾ?

ನೀವು ಕಾರವಾರದವರು ಅಂತ ಬರೆದಿದ್ದೀರಿ. ಹಾಗಾಗಿ ಈ ಪ್ರಶ್ನೆ ಎಲ್ಲಿಂದ ಬಂತು ಅಂತ ನನಗೆ ಚೆನ್ನಾಗಿ ಗೊತ್ತು. ನಾನು ಶಿರಸಿಯವನು. ನಮ್ಮ ಜಿಲ್ಲೆಯಲ್ಲಿ ಗುಡ್ಡ ಕುಸಿಯುವುದು ಮಳೆಗೆ. 2024ರ ಜುಲೈ 16ರಂದು ಶಿರೂರಿನಲ್ಲಿ ಹೆದ್ದಾರಿ ಮೇಲೆ ಗುಡ್ಡ ಬಂದದ್ದೂ ಮಳೆಗೇ. ಮಳೆ ಹೊಳವಾಗಿ ಬಿಸಿಲು ಬಿತ್ತು ಅಂದರೆ ದೇವಿಮನೆ ಘಟ್ಟ ಇಳಿಯೋಕೆ ನಮಗೆ ಧೈರ್ಯ. ಇದೇ ಲೆಕ್ಕಾಚಾರ ಕಟ್ಟಿಕೊಂಡು ನಾನೂ ಕೆಲವು ವರ್ಷಗಳ ಹಿಂದೆ ಏಪ್ರಿಲ್‌ನಲ್ಲೇ ಹೋಗಿದ್ದೆ.

ಜೊತೆಗೆ ಕಾರವಾರದ ಭಾವ, ಅವರ ಆಫೀಸಿನ ಸ್ನೇಹಿತರು. ಮನಾಲಿಯಿಂದ ಮೇಲೆ ಸೋಲಂಗ್ ದಾಟಿ ಧುಂಡಿ, ಅಲ್ಲಿಂದ ಬಿಯಾಸ್ ನದಿ ಹುಟ್ಟುವ ಸರೋವರ ಬಿಯಾಸ್ ಕುಂಡದ ದಾರಿ. ಬಕರ್‌ಥಾಚ್ ಹತ್ತಿರ ಟೆಂಟ್. ಮೊದಲ ರಾತ್ರಿ ಹಲ್ಲು ಕಟಕಟ ಅನ್ನುವ ಚಳಿ. ಕಾಲಿಟ್ಟರೆ ಹಿಮ ಕರಕರ ಅನ್ನುತ್ತಿತ್ತು. ಮರುದಿನ ರಾತ್ರಿ ಮೂತ್ರಕ್ಕೆ ಎದ್ದು ಹೊರಗೆ ಬಂದರೆ ಆಕಾಶದ ತುಂಬ ಮೋಡ, ನಕ್ಷತ್ರ ಒಂದೂ ಇಲ್ಲ. ಚಳಿಯೂ ಅಷ್ಟಿಲ್ಲ. ಟೆಂಟಿನಿಂದ ಸ್ವಲ್ಪ ಆಚೆ ಹೋಗಿದ್ದಕ್ಕೇ ಕಾಲು ಮೊಣಕಾಲಿನ ತನಕ ಹೂತಿತು. ಸದ್ಯ, ಚಳಿ ಕಮ್ಮಿಯಾಯ್ತು ಅಂತ ಖುಷಿಯಲ್ಲಿ ಬಂದು ಮಲಗಿದೆ.

ನಾನು ಕೆಟ್ಟದ್ದು ಆ ಖುಷಿಯಿಂದ. ಇದನ್ನು ಬಿಡಿಸಿಯೇ ಹೇಳಬೇಕು, ಬೇಜಾರು ಮಾಡ್ಕೋಬೇಡಿ. ಹಗಲು ಬಿಸಿಲಿಗೆ ಮೇಲಿನ ಹಿಮ ಕರಗಿ ನೀರಾಗುತ್ತದೆ. ಆ ನೀರು ಒಳಗೆ ಇಳಿದು ಹಿಮದ ಕಣಗಳ ಹಿಡಿತ ಸಡಿಲ ಮಾಡುತ್ತದೆ. ಕೆಳಗೆ ನುಣುಪಾದ ಮಂಜುಗಡ್ಡೆಯ ಪದರವೋ ಬಂಡೆಯೋ ಇದ್ದರೆ ಅದರ ಮೇಲೆ ಹರಿಯುತ್ತದೆ, ಮೇಲಿನ ಹಿಮಕ್ಕೆ ಕಾಲೂರಲು ಜಾಗ ಇಲ್ಲದಂತೆ ಮಾಡುತ್ತದೆ. ನಮ್ಮ ಕಡೆ ಧರೆ ಜರಿಯುವುದೂ ಹೀಗೇ ಅಲ್ವಾ, ನೀರು ಒಳಗೆ ಹೋಗಿ. ಇಲ್ಲಿ ಆ ನೀರು ಮೇಲಿಂದ ಬೀಳುತ್ತದೆ, ಅಲ್ಲಿ ಹಿಮದಲ್ಲೇ ಹುಟ್ಟುತ್ತದೆ. ಅಲ್ಲಿ ಬಿಸಿಲೇ ಮಳೆ. ಇದನ್ನು ತಡೆಯುವುದು ರಾತ್ರಿಯ ಚಳಿ ಒಂದೇ. ಆಕಾಶ ಶುಭ್ರವಾಗಿದ್ದರೆ ಹಗಲಿನ ಕಾವೆಲ್ಲ ಮೇಲೆ ಹೋಗಿ, ನೀರು ಮತ್ತೆ ಹೆಪ್ಪುಗಟ್ಟಿ, ಬೆಳಗಿನ ಕೆಲವು ತಾಸು ಇಳಿಜಾರು ಗಟ್ಟಿಯಾಗಿ ನಿಲ್ಲುತ್ತದೆ. ಮೋಡ ಮುಚ್ಚಿದರೆ ಕಾವು ಅಲ್ಲೇ ಉಳಿಯುತ್ತದೆ, ಹಿಮ ಗಟ್ಟಿಯಾಗುವುದಿಲ್ಲ. ಅಂದರೆ ನಾನು ಯಾವ ರಾತ್ರಿಗೆ ಖುಷಿಪಟ್ಟೆನೋ ಅದರ ಮರುದಿನ ಟೆಂಟ್ ಬಿಟ್ಟು ಏರಲೇಬಾರದಿತ್ತು. ಕಾಲು ಹೂತಾಗಲೇ ಗೊತ್ತಾಗಬೇಕಿತ್ತು.

ಗೈಡ್‌ಗೆ ಗೊತ್ತಾಗಿತ್ತು. ಬೆಳಿಗ್ಗೆ ಕೋಲು ಚುಚ್ಚಿ ನೋಡಿ ‘ಬರ್ಫ್ ಜಮೀ ನಹೀ ಸಾಬ್, ಆಜ್ ನಹೀ’ ಅಂದ, ಅಂದರೆ ಹಿಮ ಗಟ್ಟಿಯಾಗಿಲ್ಲ, ಇವತ್ತು ಬೇಡ ಅಂತ. ನಾವು ಬಿಡಲಿಲ್ಲ. ಮರುದಿನ ಇಳಿದು ಚಂಡೀಗಢಕ್ಕೆ ಓಡಬೇಕು, ಮಡಗಾಂವ್ ಟ್ರೇನ್ ಬುಕ್ ಆಗಿದೆ. ದುಡ್ಡು ಕೊಟ್ಟವರು ನಾವು ಅಂತ ಬಾಯಿಬಿಟ್ಟು ಹೇಳಲಿಲ್ಲ, ಆದರೆ ಮಾತಿನ ಧಾಟಿ ಅದೇ ಇತ್ತು. ಚಹಾ, ಮ್ಯಾಗಿ ಎಲ್ಲ ಮುಗಿಸಿ, ಬೆಳಕು ಬಂದರೆ ಫೋಟೋ ಚೆನ್ನಾಗಿ ಬರುತ್ತದೆ ಅಂತ ತಡವಾಗಿಯೇ ಹೊರಟೆವು. ಸ್ವಲ್ಪ ಹೊತ್ತಿಗೆ ಮೋಡ ಸರಿಯಿತು, ಸುಡುಬಿಸಿಲು. ಪೂರ್ವಕ್ಕೆ ಮುಖ ಮಾಡಿದ ಇಳಿಜಾರು, ಅದಕ್ಕೇ ಮೊದಲು ಬಿಸಿಲು ತಾಗುವುದು. ಬಂಡೆಗಳಿಂದ ನೀರು ತೊಟ್ಟಿಕ್ಕುತ್ತಿತ್ತು. ಮೇಲಿಂದ ಹಿಮದ ಉಂಡೆಗಳು ತಾವಾಗೇ ಉರುಳಿ ಬರುತ್ತಿದ್ದವು. ನಾವು ಅದರ ವಿಡಿಯೋ ಮಾಡಿದೆವು! ಇಳಿಜಾರು ಜಾರಲು ತಯಾರಾಗಿದೆ ಅನ್ನುವುದಕ್ಕೆ ಇದು ಸ್ಪಷ್ಟ ಸೂಚನೆ ಅಂತ ಆಮೇಲೆ ತಿಳಿಯಿತು.

ಜಾರಿದ್ದು ಸಣ್ಣ ತುಂಡು. ಭಾವ ಸೊಂಟದ ತನಕ ಹೂತರು. ಒದ್ದೆ ಹಿಮ ನಿಧಾನಕ್ಕೆ ಬರುತ್ತದೆ, ನಿಂತ ಮೇಲೆ ಹೊಯ್ದ ಕಾಂಕ್ರೀಟಿನಂತೆ ಬಿಗಿಯುತ್ತದೆ. ಕಾಲು ಒಳಗೇ ಸಿಕ್ಕಿ ಮೈ ಮಾತ್ರ ತಿರುಗಿ ಮೊಣಕಾಲಿನ ಲಿಗಮೆಂಟ್ ಹರಿದಿತ್ತು. ಗೈಡ್ ಹತ್ತಿರ ಸಲಿಕೆ ಇತ್ತು, ನಮ್ಮ ಹತ್ತಿರ ಬರೀ ಕೈ. ಭಾವ ಈಗಲೂ ಪಂಕ್ತಿಯಲ್ಲಿ ನೆಲಕ್ಕೆ ಕೂತು ಉಣ್ಣುವ ಹಾಗಿಲ್ಲ. ಪ್ರತಿ ಮದುವೆಮನೆಯಲ್ಲೂ ಅವರಿಗೆ ಕುರ್ಚಿ ಹುಡುಕುವಾಗ ಅಕ್ಕ ನನ್ನ ಮುಖ ನೋಡುತ್ತಾಳೆ. ತಲೆ ಮುಚ್ಚಿದ್ದರೆ ಕಥೆ ಬೇರೆ. ಪೂರ್ತಿ ಹೂತವರನ್ನು ಮೊದಲ 10-15 ನಿಮಿಷದಲ್ಲಿ ತೆಗೆಯಬೇಕು, ಆಮೇಲೆ ಬದುಕುವ ಆಸೆ ಬೇಗ ಬೇಗ ಕುಗ್ಗುತ್ತದೆ. ಅಷ್ಟರಲ್ಲಿ ಮನಾಲಿಯಿಂದ ಯಾರೂ ಬರಲು ಆಗಲ್ಲ.

ನಿಮ್ಮ ಪ್ರಶ್ನೆ ಗೈಡ್ ಬೇಕಾ ಬೇಡ್ವಾ ಅಂತ. ಬೇಕು, ಅದರಲ್ಲಿ ಚರ್ಚೆಯೇ ಇಲ್ಲ. ಆದರೆ ಅವನು ಬೇಡ ಅಂದ ದಿನ ನೀವು ಕೇಳುತ್ತೀರಾ? ಕೇಳದಿದ್ದರೆ ಆ ದುಡ್ಡು ಸುಮ್ನೆ ದಂಡ. ನಾವು ಟ್ರೆಕ್ಕಿಂಗ್ ಮಾಡಲ್ಲ, ಬರೀ ಹಿಮ ನೋಡ್ತೀವಿ ಅನ್ನುವವರಿಗೂ ಹೇಳುತ್ತೇನೆ: 2023ರ ಏಪ್ರಿಲ್ 4ರಂದು ಸಿಕ್ಕಿಂನ ನಾಥು ಲಾ ರಸ್ತೆಯಲ್ಲಿ ಹಿಮಕುಸಿತಕ್ಕೆ 7 ಪ್ರವಾಸಿಗರು ಸತ್ತರು. ಅದೂ ಏಪ್ರಿಲ್ಲೇ, ಅದೂ ರಸ್ತೆ ಬದಿಯಲ್ಲೇ.

ನನ್ನನ್ನು ಕೇಳಿದರೆ ಏಪ್ರಿಲ್ ಬಿಡಿ. ಅದೇ ಬಿಯಾಸ್ ಕುಂಡಕ್ಕೆ ಸೆಪ್ಟೆಂಬರ್ ಕೊನೆಗೆ ಹೋಗಿ, ದಾರಿಯಲ್ಲಿ ಹುಲ್ಲು, ಕಲ್ಲು ಇರುತ್ತವೆ. ಹಿಮವೇ ಬೇಕು ಅಂತಿದ್ದರೆ, 30ರಿಂದ 45 ಡಿಗ್ರಿ ಇಳಿಜಾರುಗಳ ಮೇಲೂ ಬೇಡ, ಅವುಗಳ ಬುಡದಲ್ಲೂ ಬೇಡ. ದಾಟಲೇಬೇಕಾದರೆ ಬಿಸಿಲು ತಾಗುವ ಮೊದಲೇ ದಾಟಿ ವಾಪಸ್ ಬಂದಿರಿ. ಹೊಸ ಹಿಮ ಬಿದ್ದ ಮರುದಿನ ಒಮ್ಮೆಲೇ ಬಿಸಿಲೇರಿದರೆ ಟೆಂಟಲ್ಲೇ ಇಸ್ಪೀಟ್ ಆಡಿ. ಚಂಡೀಗಢದ ಡಿಜಿಆರ್‌ಇ, ಅಂದರೆ ರಕ್ಷಣಾ ಸಂಶೋಧನೆ ಮಾಡುವ ಡಿಆರ್‌ಡಿಒದ ಸಂಸ್ಥೆ, ಹಿಮಕುಸಿತದ ಮುನ್ಸೂಚನೆ ಕೊಡುತ್ತದೆ. ಹೊರಡುವ ಮೊದಲು ಅದನ್ನು ನೋಡಿ.

ಜಾಕೆಟ್, ಬೂಟು ಯಾವ ಕಂಪನಿಯದ್ದು ತಗೊಳ್ಳಲಿ ಅಂತಲೂ ಕೇಳಿದ್ದೀರಿ. ತಗೋಬೇಡಿ. ಮನಾಲಿಯಲ್ಲಿ ಬಾಡಿಗೆಗೆ ಸಿಗುತ್ತವೆ, ಕಾರವಾರದ ಸೆಖೆಯಲ್ಲಿ ಆ ಜಾಕೆಟ್ ಮತ್ತೆ ಯಾವಾಗ ಹಾಕ್ತೀರಿ? ಆ ದುಡ್ಡಲ್ಲಿ ಎರಡು ದಿನ ಜಾಸ್ತಿ ಉಳಿಯಿರಿ, ವಾಪಸ್ ಟಿಕೆಟ್ ಅದಕ್ಕೆ ತಕ್ಕ ಹಾಗೆ ಮಾಡಿಸಿ.