ಬಿದ್ದ ಮೇಲೆ ಅಮ್ಮ ಮನೆಯಿಂದ ಹೊರಗೆ ಕಾಲಿಡುತ್ತಿಲ್ಲ: ವಿಶ್ರಾಂತಿ ಕೊಡಬೇಕೇ, ವ್ಯಾಯಾಮ ಮಾಡಿಸಬೇಕೇ?

ನಿಮ್ಮ ದೀರ್ಘ ಪ್ರಶ್ನೆಯ ಸಾರ ಇಷ್ಟು. ತಾಯಿಯವರಿಗೆ 73 ವರ್ಷ. ಕೆಲವು ತಿಂಗಳ ಹಿಂದೆ ಬಚ್ಚಲಲ್ಲಿ ಜಾರಿ ಬಿದ್ದರು, ಪುಣ್ಯಕ್ಕೆ ಮೂಳೆಗೆ ಏನೂ ಆಗಲಿಲ್ಲ. ಆದರೆ ಅಂದಿನಿಂದ ಗೋಡೆ ಹಿಡಿದುಕೊಂಡೇ ನಡೆಯುತ್ತಾರೆ, ದೇವಸ್ಥಾನಕ್ಕೂ ಹೋಗುವುದಿಲ್ಲ. ಡಾಕ್ಟರು ವಾಕಿಂಗ್ ಮಾಡಿ ಎಂದರು. ನೆಂಟರು ಈ ವಯಸ್ಸಿನಲ್ಲಿ ಸುಮ್ಮನೆ ಕೂತಿರಲಿ ಬಿಡಿ ಎಂದರು. ಕೋಲು ತಂದುಕೊಟ್ಟರೆ ತಾಯಿ ಮುಟ್ಟುತ್ತಿಲ್ಲ.

ವ್ಯಾಯಾಮ ಮಾಡಿಸಿ. ಆದರೆ ರಸ್ತೆಯ ವಾಕಿಂಗ್‌ನಿಂದ ಶುರು ಮಾಡಬೇಡಿ, ಮನೆಯ ಕುರ್ಚಿಯಿಂದ ಶುರು ಮಾಡಿ.

ನಾನು ಮೈಸೂರಿನಲ್ಲಿ ಫಿಸಿಯೋಥೆರಪಿಸ್ಟ್. ಕ್ಲಿನಿಕ್ಕಿಗಿಂತ ಹಿರಿಯರ ಮನೆಗಳಲ್ಲೇ ನನ್ನ ಕೆಲಸ ಹೆಚ್ಚು. ನಿಮ್ಮ ತಾಯಿಯವರ ಕಥೆಯನ್ನು ಬೇರೆ ಬೇರೆ ಬಾಯಲ್ಲಿ ಕೇಳುತ್ತಲೇ ಇರುತ್ತೇನೆ. ಬಿದ್ದ ಪೆಟ್ಟು ವಾರದಲ್ಲಿ ಮಾಯುತ್ತದೆ, ಹೆದರಿಕೆ ಮಾಯುವುದಿಲ್ಲ. ಹೆದರಿದವರು ಕೂರುತ್ತಾರೆ, ಕೂತವರ ತೊಡೆ ಸೊರಗುತ್ತದೆ, ಸೊರಗಿದ ಕಾಲು ನಿಜವಾಗಿಯೂ ತಡವರಿಸುತ್ತದೆ. ಆಗ ಹೆದರಿಕೆಗೆ ಪುರಾವೆಯೂ ಸಿಕ್ಕಂತಾಯಿತು. ಇದಕ್ಕೆ ಮನೆಯವರ ಪ್ರೀತಿಯೂ ಕೈ ಜೋಡಿಸುತ್ತದೆ. "ನೀನು ಏಳಬೇಡಮ್ಮ, ನೀರು ನಾನು ತರುತ್ತೇನೆ" ಎಂದು ಮಗ, "ತಟ್ಟೆ ಇಲ್ಲಿಗೇ ಕೊಡುತ್ತೇನೆ ಅತ್ತೆ" ಎಂದು ಸೊಸೆ. ದಿನಕ್ಕೆ ಮೂವತ್ತು ಸಲ ಏಳುತ್ತಿದ್ದ ಜೀವ ಐದಾರು ಸಲಕ್ಕೆ ಇಳಿದಿರುತ್ತದೆ, ಅದೂ ಟಿ.ವಿ. ರಿಮೋಟಿಗೆ.

ಸುಮ್ಮನೆ ಇರುವುದರ ಬೆಲೆ ಎಷ್ಟೆಂದು ಅಳೆದು ನೋಡಿದವರಿದ್ದಾರೆ. 2007ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ ಆರೋಗ್ಯವಾಗಿಯೇ ಇದ್ದ ಹಿರಿಯರನ್ನು 10 ದಿನ ಹಾಸಿಗೆಯಲ್ಲೇ ಇರಿಸಿದಾಗ, ಅವರ ಕಾಲುಗಳಿಂದಲೇ ಸುಮಾರು ಒಂದು ಕಿಲೋದಷ್ಟು ಕೊಬ್ಬಲ್ಲದ ತೂಕ ಕರಗಿತ್ತು. ಇದರ ತದ್ವಿರುದ್ಧದ ಪ್ರಯೋಗ ಇನ್ನೂ ಹಳೆಯದು, 1990ರದು. ಬಾಸ್ಟನ್ನಿನ ಆರೈಕೆ ಕೇಂದ್ರವೊಂದರಲ್ಲಿದ್ದ, ಸರಾಸರಿ 90 ವರ್ಷದ ಹತ್ತು ಮಂದಿ ದುರ್ಬಲ ವೃದ್ಧರನ್ನು ಆರಿಸಿ, 8 ವಾರ ತೊಡೆಗೆ ಭಾರ ಎತ್ತುವ ವ್ಯಾಯಾಮ ಮಾಡಿಸಿದರು. ತೊಡೆಯ ಬಲ ಸರಾಸರಿ ಶೇ 174ರಷ್ಟು ಏರಿತು. ಇಬ್ಬರು ಕೋಲನ್ನು ಪಕ್ಕಕ್ಕಿಟ್ಟು ನಡೆದರು. ತೊಂಬತ್ತರಲ್ಲಿ ಆದದ್ದು ಎಪ್ಪತ್ತಮೂರರಲ್ಲಿ ಆಗದೇ?

ಹಾಗಾದರೆ ವಾಕಿಂಗ್ ಯಾಕೆ ಸಾಲದು? ಸಮತಟ್ಟಾದ ನೆಲದ ಮೇಲೆ ನಿಧಾನವಾಗಿ ನಡೆಯುವುದು ಎದೆಗೆ, ಸಕ್ಕರೆ ಕಾಯಿಲೆಗೆ, ಮನಸ್ಸಿಗೆ ಒಳ್ಳೆಯದು. ಕುರ್ಚಿಯಿಂದ ಏಳುವ, ಮೆಟ್ಟಿಲು ಹತ್ತುವ, ಎಡವಿದಾಗ ತಟ್ಟನೆ ಕಾಲು ಮುಂದಿಟ್ಟು ಸಾವರಿಸಿಕೊಳ್ಳುವ ಶಕ್ತಿ ಅದರಿಂದ ಅಷ್ಟಾಗಿ ಬರುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯೂ 65 ದಾಟಿದವರಿಗೆ ವಾರಕ್ಕೆ ಕನಿಷ್ಠ 150 ನಿಮಿಷದ ನಡಿಗೆಯಂಥ ಚಟುವಟಿಕೆಯ ಜೊತೆಗೆ, ವಾರದಲ್ಲಿ ಎರಡು ದಿನವಾದರೂ ಮಾಂಸಖಂಡ ಬಲಪಡಿಸುವ ವ್ಯಾಯಾಮ, ಮೂರು ದಿನವಾದರೂ ಸಮತೋಲನದ ವ್ಯಾಯಾಮ ಇರಲಿ ಎನ್ನುತ್ತದೆ. ನಮ್ಮಲ್ಲಿ ಮೊದಲನೆಯದನ್ನು ಎಲ್ಲರೂ ಹೇಳುತ್ತಾರೆ, ಉಳಿದೆರಡನ್ನು ನುಂಗಿಬಿಡುತ್ತಾರೆ. ಗೋಡೆ ಹಿಡಿದು ನಡೆಯುವವರನ್ನು ನಮ್ಮ ಫುಟ್‌ಪಾತಿಗೆ ಇಳಿಸುವುದಂತೂ ಅವರನ್ನು ಮತ್ತೆ ಬೀಳಲು ಕಳುಹಿಸಿದಂತೆ.

ಶುರು ಮಾಡುವ ಮೊದಲು ಡಾಕ್ಟರ ಬಳಿ ಇನ್ನೊಮ್ಮೆ ಹೋಗಿ, ಈ ಸಲ ಕೇಳಬೇಕಾದದ್ದನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ. ರಕ್ತದೊತ್ತಡವನ್ನು ಮಲಗಿದ್ದಾಗ ಒಮ್ಮೆ, ಎದ್ದು ನಿಂತ ಮೇಲೆ ಒಮ್ಮೆ ನೋಡಿ ಎಂದು ಕೇಳಿ. ನಿಂತ ಮೂರು ನಿಮಿಷದೊಳಗೆ ಮೇಲಿನ ಅಂಕಿ 20 ಅಥವಾ ಅದಕ್ಕಿಂತ ಹೆಚ್ಚು ಇಳಿದರೆ ತಲೆ ಸುತ್ತುವುದಕ್ಕೆ ಅದೇ ಕಾರಣವಿರಬಹುದು. ಮಾತ್ರೆಗಳನ್ನೆಲ್ಲ ಒಂದು ಚೀಲಕ್ಕೆ ಹಾಕಿ ತೋರಿಸಿ. ನಿದ್ದೆ ಮಾತ್ರೆ ಇದ್ದರೆ ಮರೆಮಾಚಬೇಡಿ, ಬೀಳುವುದಕ್ಕೂ ಅದಕ್ಕೂ ಹತ್ತಿರದ ನಂಟು. ಹಾಗೆಂದು ನೀವೇ ಏಕಾಏಕಿ ನಿಲ್ಲಿಸಲೂ ಬೇಡಿ. ಪಾದ ಜೋಮು ಹಿಡಿಯುತ್ತದೆಯೇ, ಬಿ12 ಕಡಿಮೆಯಿದೆಯೇ, ಕಣ್ಣಿಗೆ ಪೊರೆ ಬಂದಿದೆಯೇ ಎಂಬುದನ್ನೂ ನೋಡಿಸಿ. ಮಂಡಿ ಸವೆದಿದೆ ಎಂದು ಎಕ್ಸ್‌ರೇ ತೋರಿಸಿ ಹೆದರಿಸುವವರಿರುತ್ತಾರೆ. ಸವೆದ ಮಂಡಿಗೂ ಬಲವಾದ ತೊಡೆಯೇ ಆಸರೆ, ವ್ಯಾಯಾಮ ಬೇಡ ಎನ್ನಲು ಅದು ಕಾರಣವಲ್ಲ.

ಈಗ ಕುರ್ಚಿ. ಅಗ್ರಹಾರದ ಹಳೆಯ ಮನೆಯೊಂದರಲ್ಲಿ ನಿವೃತ್ತ ಶಿಕ್ಷಕಿಯೊಬ್ಬರಿದ್ದರು. ಮೊದಲ ದಿನ ಎದ್ದು ನಿಲ್ಲಿ ಎಂದಾಗ ಅವರು ಪ್ಲಾಸ್ಟಿಕ್ ಕುರ್ಚಿಯ ಹಿಂಬದಿಗೆ ಒರಗಿಕೊಂಡು, ಪಾದ ಮುಂದೆ ಚಾಚಿ, ಎರಡೂ ಕೈ ನನ್ನ ಕಡೆ ನೀಡಿದರು. ಎಳೆದು ಎಬ್ಬಿಸಿ ಎಂದು. ಮನೆಯವರು ಹಾಗೆಯೇ ಎಬ್ಬಿಸಿ ಅಭ್ಯಾಸ ಮಾಡಿದ್ದರು. ನಾನು ಕೈ ಕೊಡಲಿಲ್ಲ. ಗೋಡೆಗೆ ತಾಗಿಸಿಟ್ಟ, ಜಾರದ ಮರದ ಕುರ್ಚಿ ತರಿಸಿದೆ. ಅದರ ಮೇಲೆ ಜಮಖಾನವನ್ನು ನಾಲ್ಕು ಮಡಿಕೆ ಮಾಡಿ ಹಾಸಿದೆ, ಸೀಟು ಎತ್ತರವಾಯಿತು. ಕುರ್ಚಿಯ ಅಂಚಿಗೆ ಬನ್ನಿ, ಹಿಮ್ಮಡಿಯನ್ನು ಮಂಡಿಗಿಂತ ಸ್ವಲ್ಪ ಹಿಂದಕ್ಕೆ ಎಳೆದುಕೊಳ್ಳಿ, ಮೂಗು ಕಾಲ್ಬೆರಳಿನ ನೇರಕ್ಕೆ ಬರುವಷ್ಟು ಮುಂದೆ ಬಾಗಿ, ಈಗ ನೆಲವನ್ನು ಪಾದದಿಂದ ಒತ್ತಿ ಎಂದೆ. ಎದ್ದರು! ಎದ್ದವರು ಒಂದು ಗಳಿಗೆ ನನ್ನನ್ನೇ ನೋಡಿ, "ನೀವು ಹಿಂದಿನಿಂದ ಎತ್ತಿದಿರಾ?" ಎಂದು ಕೇಳಿದರು. ನಾನು ಅವರ ಎದುರಿಗೇ ನಿಂತಿದ್ದೆ.

ನಿಜವಾದ ವ್ಯಾಯಾಮ ಕೂರುವುದರಲ್ಲಿದೆ. ಧೊಪ್ಪನೆ ಕೂರಬಾರದು. ಮನಸ್ಸಿನಲ್ಲೇ ಒಂದರಿಂದ ನಾಲ್ಕರವರೆಗೆ ಎಣಿಸುತ್ತ ಇಳಿಯಬೇಕು, ಸೀಟು ತಾಗುವವರೆಗೂ ಭಾರ ತೊಡೆಯ ಮೇಲೇ ಇರಬೇಕು. ಐದು ಸಲ, ವಿಶ್ರಾಂತಿ, ಮತ್ತೆ ಐದು ಸಲ. ಒಂದು ದಿನ ಬಿಟ್ಟು ಒಂದು ದಿನ ಮಾಡಿದರೆ ಸಾಕು. ಸಲೀಸಾಯಿತೆಂದರೆ ಜಮಖಾನದ ಒಂದು ಮಡಿಕೆ ತೆಗೆಯಿರಿ. ಆಮೇಲೆ ಕೈಯ ಆಸರೆ ಬಿಡಿಸಿ, ಕೈಗಳನ್ನು ಎದೆಯ ಮೇಲೆ ಕಟ್ಟಿಕೊಳ್ಳಲಿ. ಎಲ್ಲಿಗೆ ಮುಟ್ಟಿದ್ದೇವೆ ಎಂದು ತಿಳಿಯಲು 30 ಸೆಕೆಂಡಿನಲ್ಲಿ ಕೈ ಊರದೆ ಎಷ್ಟು ಸಲ ಪೂರ್ತಿ ಎದ್ದು ನಿಲ್ಲುತ್ತಾರೆ ಎಂದು ಎಣಿಸಿ. ಅಮೆರಿಕದ ರೋಗ ನಿಯಂತ್ರಣ ಕೇಂದ್ರದ ಪಟ್ಟಿಯಲ್ಲಿ 70ರಿಂದ 74ರ ವಯಸ್ಸಿನ ಹೆಂಗಸರಿಗೆ 10ಕ್ಕಿಂತ, ಗಂಡಸರಿಗೆ 12ಕ್ಕಿಂತ ಕಡಿಮೆಯಾದರೆ ಸರಾಸರಿಗಿಂತ ಕೆಳಗೆ, ಬೀಳುವ ಅಪಾಯ ಹೆಚ್ಚು ಎಂದರ್ಥ. ಮೊದಲ ಸಲ ಮೂರೋ ನಾಲ್ಕೋ ಬಂದರೆ ಮುಖ ಸಣ್ಣದು ಮಾಡಿಕೊಳ್ಳಬೇಡಿ, ತಿಂಗಳ ನಂತರ ಮತ್ತೆ ಎಣಿಸಿ.

ಸಮತೋಲನಕ್ಕೆ ಅಡುಗೆಮನೆಗಿಂತ ಒಳ್ಳೆಯ ಜಾಗ ಇಲ್ಲ. ಅಡುಗೆ ಕಟ್ಟೆ ಸೊಂಟದ ಎತ್ತರಕ್ಕಿರುತ್ತದೆ, ಅಲುಗಾಡುವುದಿಲ್ಲ. ಎರಡೂ ಕೈ ಕಟ್ಟೆಯ ಮೇಲಿಟ್ಟು ಹಿಮ್ಮಡಿ ಎತ್ತಿ ಇಳಿಸುವುದು, ಕಾಲನ್ನು ಪಕ್ಕಕ್ಕೆ ಎತ್ತುವುದು, ಒಂದು ಪಾದದ ಮುಂದೆ ಇನ್ನೊಂದನ್ನು ತಾಗಿಸಿಟ್ಟು ನಿಲ್ಲುವುದು, ಕಟ್ಟೆಯುದ್ದಕ್ಕೂ ಅಡ್ಡಡ್ಡ ಹೆಜ್ಜೆ ಹಾಕುವುದು, ಕೊನೆಗೆ ಒಂಟಿ ಕಾಲಿನಲ್ಲಿ ನಿಲ್ಲುವುದು. ಎರಡು ಕೈಯಿಂದ ಒಂದು ಕೈ, ಒಂದು ಕೈಯಿಂದ ಎರಡು ಬೆರಳು, ಹೀಗೆ ಆಸರೆ ಕಡಿಮೆ ಮಾಡುತ್ತ ಹೋಗಿ. ಒಂಟಿ ಕಾಲಿನಲ್ಲಿ 10 ಸೆಕೆಂಡ್ ಒಳ್ಳೆಯ ಗುರಿ. ಅಲ್ಲಾಡಬೇಕು, ಅಲ್ಲಾಡಿದರೇ ಕಲಿಯುವುದು. ನೀವು ಪಕ್ಕದಲ್ಲಿರಿ, ಹಿಡಿದುಕೊಳ್ಳಬೇಡಿ. ನ್ಯೂಜಿಲೆಂಡಿನ ಒಟಾಗೋ ವಿಶ್ವವಿದ್ಯಾಲಯದವರು ಹೆಚ್ಚುಕಡಿಮೆ ಇಂಥವೇ ವ್ಯಾಯಾಮಗಳಿಗೆ ನಡಿಗೆಯನ್ನು ಸೇರಿಸಿ ಮನೆಯಲ್ಲೇ ಮಾಡುವ ಕ್ರಮವೊಂದನ್ನು ರೂಪಿಸಿದ್ದಾರೆ. 65ರಿಂದ 97 ವಯಸ್ಸಿನ ಸಾವಿರಕ್ಕೂ ಹೆಚ್ಚು ಮಂದಿಯ ಮೇಲೆ ನಡೆದ ಪರೀಕ್ಷೆಗಳಲ್ಲಿ ಬೀಳುವಿಕೆ ಶೇ 35ರಷ್ಟು ಇಳಿದಿತ್ತು.

ಯೋಗ ಸಾಲದೇ ಎಂದು ಕೇಳುತ್ತಾರೆ. ಕೂತು ಮಾಡುವ ಪ್ರಾಣಾಯಾಮ ತೊಡೆಗೆ ಏನನ್ನೂ ಕೊಡುವುದಿಲ್ಲ. ಗೋಡೆಯ ಪಕ್ಕ ನಿಂತು ಮಾಡುವ ವೃಕ್ಷಾಸನ, ವೀರಭದ್ರಾಸನ ಕೊಡುತ್ತವೆ. ನಿಮ್ಮ ಬಡಾವಣೆಯ ತರಗತಿಯಲ್ಲಿ ಯಾವುದು ನಡೆಯುತ್ತದೆ ಎಂದು ಮೊದಲು ನೋಡಿ ಬನ್ನಿ.

ಇನ್ನು ಹೆದರಿಕೆ. "ಹೆದರಬೇಡಮ್ಮ" ಎಂದು ನೂರು ಸಲ ಹೇಳಿದರೂ ಅದು ಹೋಗುವುದಿಲ್ಲ. ಬಿದ್ದದ್ದಕ್ಕಿಂತ ಬಿದ್ದ ಮೇಲೆ ಏಳಲಾಗದೆ, ಬಾಗಿಲು ಚಿಲಕ ಹಾಕಿದ ಬಚ್ಚಲಲ್ಲಿ ಕೂಗುತ್ತಾ ಮಲಗಿದ್ದೇ ಅವರ ಕಣ್ಣಿಗೆ ಕಟ್ಟಿರುತ್ತದೆ. ಹಾಗಾಗಿ ನಾನು ನೆಲದಿಂದ ಏಳುವುದನ್ನೇ ಕಲಿಸುತ್ತೇನೆ, ಕಾಲಿಗೆ ಸ್ವಲ್ಪ ಬಲ ಬಂದ ಮೇಲೆ. ಹಾಸಿಗೆ ಹಾಸಿದ ನೆಲದ ಮೇಲೆ ಮಲಗಿ, ಪಕ್ಕಕ್ಕೆ ಹೊರಳಿ, ಮೊಣಕೈ ಊರಿ, ಅಂಬೆಗಾಲಿಗೆ ಬರಬೇಕು. ಹತ್ತಿರದ ಗಟ್ಟಿ ಕುರ್ಚಿಯವರೆಗೆ ಅಂಬೆಗಾಲಲ್ಲೇ ಹೋಗಿ, ಎರಡೂ ಕೈಯನ್ನು ಸೀಟಿನ ಮೇಲೆ ಊರಿ, ಬಲವಾದ ಕಾಲಿನ ಪಾದವನ್ನು ಮುಂದೆ ನೆಟ್ಟು, ಒತ್ತಿ ಮೇಲೆದ್ದು, ತಿರುಗಿ ಕುರ್ಚಿಯಲ್ಲಿ ಕೂರಬೇಕು. ಮಂಡಿಯ ಕೆಳಗೆ ದಿಂಬು ಇರಲಿ. ಮೊಮ್ಮಕ್ಕಳಿದ್ದರೆ ಅವರನ್ನೂ ಜೊತೆಗೆ ಮಾಡಲು ಹಚ್ಚಿ, ನಾಚಿಕೆ ಅರ್ಧ ಕಡಿಮೆಯಾಗುತ್ತದೆ. ಮಂಡಿ ಬದಲಾಯಿಸಿದವರು, ಮೂಳೆ ತೀರಾ ಸವೆದವರು ಮಾತ್ರ ಇದನ್ನು ತಿಳಿದವರ ಎದುರೇ ಮಾಡಬೇಕು. ನಿಜವಾಗಿ ಬಿದ್ದಾಗ ಸೊಂಟದ ಕೀಲಿನಲ್ಲಿ ತೀವ್ರ ನೋವಿದ್ದು, ಒಂದು ಕಾಲು ಗಿಡ್ಡವಾದಂತೆ, ಪಾದ ಹೊರಕ್ಕೆ ತಿರುಗಿದಂತೆ ಕಂಡರೆ ಎಬ್ಬಿಸಲು ಹೋಗಬೇಡಿ. ಮಲಗಿದಲ್ಲೇ ಇರಿಸಿ 108ಕ್ಕೆ ಕರೆ ಮಾಡಿ.

ಬಚ್ಚಲಿನ ವಿಷಯ ಬೇಗ ಮುಗಿಸುತ್ತೇನೆ. ಟವೆಲ್ ಹಾಕುವ ಸರಳು ಮನುಷ್ಯರ ಭಾರ ತಡೆಯುವುದಿಲ್ಲ, ಗೋಡೆಗೆ ಬೋಲ್ಟ್ ಹಾಕಿ ಕೂರಿಸುವ ಹಿಡಿಕೆಯನ್ನೇ ಹಾಕಿಸಿ. ಒಳಗಿನಿಂದ ಚಿಲಕ ಹಾಕುವುದು ಬೇಡ. ತಳ ಸವೆದ ಹವಾಯಿ ಚಪ್ಪಲಿಯನ್ನು ಇಂದೇ ಎಸೆಯಿರಿ. ರಾತ್ರಿ ಹಾಸಿಗೆಯಿಂದ ಬಚ್ಚಲಿನವರೆಗೆ ಸಣ್ಣ ದೀಪ ಉರಿಯುತ್ತಿರಲಿ.

ಊಟದಲ್ಲಿ ನಾನು ನೋಡುವ ದೊಡ್ಡ ತೊಂದರೆ ಸಂಜೆಯ ಚಹಾ, ಬಿಸ್ಕತ್ತು, ರಾತ್ರಿಗೆ ತಿಳಿಸಾರಿನ ಅನ್ನ. ಹಲ್ಲಿಲ್ಲ, ಹಸಿವಿಲ್ಲ ಎಂದು ಕಾಳು ಬಿಟ್ಟಿರುತ್ತಾರೆ. ವಯಸ್ಸಾದವರಿಗೆ ದೇಹದ ತೂಕದ ಪ್ರತಿ ಕಿಲೋಗೆ ದಿನಕ್ಕೆ 1ರಿಂದ 1.2 ಗ್ರಾಂ ಪ್ರೋಟೀನ್ ಬೇಕೆಂದು ತಜ್ಞರ ಸಲಹೆ. 55 ಕಿಲೋ ತೂಗುವವರಿಗೆ 55ರಿಂದ 66 ಗ್ರಾಂ ಆಯಿತು. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ, ಲೋಟ ಹಾಲಿನಲ್ಲೂ ಹೆಚ್ಚುಕಡಿಮೆ ಅಷ್ಟೇ. ಗಟ್ಟಿ ಬೇಳೆ, ಮೆತ್ತಗೆ ಬೆಂದ ಹೆಸರುಕಾಳು, ಮೊಸರು, ಪುಡಿ ಮಾಡಿದ ಕಡಲೆಬೀಜ, ತಿನ್ನುವವರಾದರೆ ಮೊಟ್ಟೆ, ಮೀನು, ಹೀಗೆ ಮೂರು ಹೊತ್ತಿಗೂ ಹಂಚಿ. ಕಿಡ್ನಿ ತೊಂದರೆ ಇದ್ದರೆ ಮಾತ್ರ ಡಾಕ್ಟರನ್ನು ಕೇಳದೆ ಹೆಚ್ಚಿಸಬೇಡಿ.

105 ವರ್ಷದ ಹರಿಯಾಣದ ರಾಮಬಾಯಿ 2022ರಲ್ಲಿ 100 ಮೀಟರನ್ನು 45.40 ಸೆಕೆಂಡಿನಲ್ಲಿ ಓಡಿದ ವಿಡಿಯೊವನ್ನು ತಾಯಿಗೆ ತೋರಿಸಿ ಹುರುಪು ತುಂಬಲು ಹೋಗಬೇಡಿ. ನನಗೂ ಆಕೆಯೆಂದರೆ ಅಚ್ಚರಿಯೇ, ಆದರೆ ಅಂಥ ವಿಡಿಯೊ ನೋಡಿದ ಅಜ್ಜಿಯರು ನನ್ನ ಬಳಿ ಹೇಳುವುದು "ಅವರ ಮೈಕಟ್ಟೇ ಬೇರೆ ಬಿಡಿ" ಎಂದು. ಅದರ ಬದಲು ಎಲ್ಲಿಗೆ ಹೋಗಬೇಕೆಂಬ ಆಸೆಯಿದೆ ಎಂದು ಅವರನ್ನೇ ಕೇಳಿ. ನಮ್ಮ ಕಡೆ ಬಹಳ ಹೆಂಗಸರ ಉತ್ತರ ಈಗ ಬಸ್ಸು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಟಿಕೆಟ್ಟಿನ ಚಿಂತೆ ಇಲ್ಲ, ಉಳಿದಿರುವುದು ಬಸ್ಸಿನ ಮೊದಲ ಮೆಟ್ಟಿಲು. ಅದು ಮನೆಯ ಮೆಟ್ಟಿಲಿಗಿಂತ ಎತ್ತರ, ಕಂಡಕ್ಟರ್ ಕಾಯುವುದೂ ಕಡಿಮೆ. ಹಾಗಾಗಿ ಅದಕ್ಕೇ ತಯಾರಿ ಮಾಡಿಸಿ. ಮೊದಲು ಹೊಸ್ತಿಲು ದಾಟುವುದು, ಆಮೇಲೆ ಜಗಲಿಯ ಒಂದು ಮೆಟ್ಟಿಲನ್ನು ಕಂಬಿ ಹಿಡಿದು ಹತ್ತಿ ಇಳಿಯುವುದು, ಮೆಟ್ಟಿಲಿನ ಮೇಲೆ ಗಟ್ಟಿ ಹಲಗೆ ಇಟ್ಟು ಎತ್ತರ ಹೆಚ್ಚಿಸುವುದು, ಕೊನೆಗೆ ಮಧ್ಯಾಹ್ನ ಬಸ್ಸು ಖಾಲಿಯಿರುವಾಗ ನಿಮ್ಮ ಜೊತೆ ಎರಡು ಸ್ಟಾಪ್ ಪ್ರಯಾಣ. ನೀವು ಹಿಂದೆ ಹತ್ತಿ, ಇಳಿಯುವಾಗ ಮುಂದೆ ಇಳಿಯಿರಿ. ವಾಕಿಂಗ್ ಅನ್ನು ಈ ಹಂತದಲ್ಲಿ ಸೇರಿಸಿ. ಆಗ ಅವರೇ ಚಪ್ಪಲಿ ಹುಡುಕುತ್ತಾರೆ.

ಕೋಲಿನ ಬಗ್ಗೆ ಕೊನೆಯದಾಗಿ. ನೀವು ತಂದಿರುವುದನ್ನು ಅವರು ಮುಟ್ಟದಿರಲು "ಮುದುಕಿ ಎನ್ನುತ್ತಾರೆ" ಎಂಬುದು ಒಂದು ಕಾರಣ, ಅಳತೆ ತಪ್ಪಿರುವುದು ಇನ್ನೊಂದು ಕಾರಣ ಇರಬಹುದು. ಅಂಗಡಿಯಿಂದ ತಂದ ಕೋಲು ಎಷ್ಟೋ ಸಲ ಉದ್ದವಾಗಿರುತ್ತದೆ, ಭುಜ ಮೇಲೆದ್ದು ನೋಯುತ್ತದೆ. ಚಪ್ಪಲಿ ಹಾಕಿಕೊಂಡು ನೇರ ನಿಂತು ಕೈ ಇಳಿಬಿಟ್ಟಾಗ ಹಿಡಿಯ ಎತ್ತರ ಮಣಿಕಟ್ಟಿನ ಗೆರೆಗೆ ಬರಬೇಕು. ಒಂದು ಮಂಡಿ ನೋಯುತ್ತಿದ್ದರೆ ಕೋಲು ಅದರ ಎದುರು ಬದಿಯ ಕೈಯಲ್ಲಿರಬೇಕು, ನೋವಿನ ಕಾಲು ಮುಂದೆ ಹೋಗುವಾಗಲೇ ಅದೂ ಮುಂದೆ ಹೋಗಬೇಕು. ಮೆಟ್ಟಿಲು ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ಕೋಲು ಮತ್ತು ನೋವಿನ ಕಾಲು ಮೊದಲು. ಮನೆಯೊಳಗೆ ಬೇಡವೆಂದರೆ ಒತ್ತಾಯ ಮಾಡಬೇಡಿ, ಹೊರಗೆ ಹೋಗುವಾಗ ಮಾತ್ರ ಇರಲಿ. ನಮ್ಮ ರಸ್ತೆಯ ಆಟೋ, ಬೈಕಿನವರು ಕೋಲು ಕಂಡರೆ ಸ್ವಲ್ಪವಾದರೂ ನಿಧಾನ ಮಾಡುತ್ತಾರೆ ಎಂದು ಹೇಳಿ ನೋಡಿ, ನನ್ನ ಕೆಲವು ಅಜ್ಜಿಯರು ಆ ಒಂದು ಮಾತಿಗೇ ಒಪ್ಪಿದ್ದಾರೆ. ತುದಿಯ ರಬ್ಬರ್ ನುಣ್ಣಗಾಗಿದ್ದರೆ ಬದಲಾಯಿಸಿ, ಔಷಧಿ ಉಪಕರಣದ ಅಂಗಡಿಯಲ್ಲಿ ಅದೊಂದೇ ಬಿಡಿಯಾಗಿ ಸಿಗುತ್ತದೆ.